ಹಿತ್ತಲ ತುಂಬಾ ಗುಂಡಿ ತೋಡುವ ನಾಯಿ: ಏನು ಮಾಡಲಿ?

ಧಾರವಾಡದ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಸ್ವಲ್ಪ ಜಾಗ ಇದೆ. ಕರಿಬೇವು, ದುಂಡು ಮಲ್ಲಿಗೆ, ಗುಲಾಬಿ, ಒಂದು ಮಡಿ ಅರಿಶಿನ. ಕೆಂಚ ಬೀದಿಯಿಂದ ತಂದು ಸಾಕಿದ ನಾಡನಾಯಿ. ಮನೆಯೊಳಗೆ ಒಂದು ಚಪ್ಪಲಿಯನ್ನೂ ಕಚ್ಚಿದವನಲ್ಲ. ಆದರೆ ಬಿಸಿಲು ಶುರುವಾದ ಮೇಲೆ ಹಿತ್ತಲಲ್ಲಿ ಕಂಡಕಂಡಲ್ಲಿ ತೋಡುತ್ತಿದ್ದಾನೆ. ಅತ್ತೆ ಹಚ್ಚಿದ ಮಲ್ಲಿಗೆ ಬಳ್ಳಿಯ ಬೇರೇ ಮೇಲೆ ಬಂದಿದೆ. ಬೈದರೆ ಕಿವಿ ಮಡಚಿ ಮೂಲೆಗೆ ಹೋಗುತ್ತಾನೆ, ಮಾರನೇ ದಿನ ಮತ್ತೆ ಅದೇ. ಹಗಲೆಲ್ಲ ಕಟ್ಟಿಹಾಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಹೊಡೆಯುವುದಂತೂ ಬೇಡವೇ ಬೇಡ. ಬೇರೆ ದಾರಿ ಇದ್ದರೆ ಹೇಳಿ.

ಬೆಂಗಳೂರು ಬಾಲ್ಕನಿ

ಗಿಡದ ಬುಡಕ್ಕೆ ಖಾರದ ಪುಡಿ ಉದುರಿಸಿ ಮೇಡಂ. ನುಸಿಗುಳಿಗೆ ಇಟ್ಟರೂ ಆ ವಾಸನೆಗೆ ಹತ್ತಿರ ಬರುವುದಿಲ್ಲ ಅಂತಾರೆ.

ತಿಪಟೂರು ತೋಟ

ಅಕ್ಕ, ಇವೆರಡನ್ನು ಮಾತ್ರ ದಯವಿಟ್ಟು ಮಾಡಬೇಡಿ. ತೋಡುವಾಗ ನಾಯಿಯ ಮೂಗು ಮಣ್ಣಿನಲ್ಲೇ ಇರುತ್ತದೆ. ಖಾರದ ಪುಡಿ ನೇರ ಕಣ್ಣಿಗೆ, ಮೂಗಿಗೆ ಹೋಗುತ್ತದೆ. ಕಾಲಿಗೆ ಹತ್ತಿದ್ದನ್ನು ಆಮೇಲೆ ನೆಕ್ಕುತ್ತದೆ. ನುಸಿಗುಳಿಗೆ ನುಂಗಿದರೆ ವಿಷ.

ನಮ್ಮ ತೋಟದಲ್ಲಿ ಯಾವಾಗಲೂ ನಾಯಿಗಳಿವೆ. ನಾನು ಮೊದಲು ನೋಡುವುದು ಗುಂಡಿಯನ್ನು, ನಾಯಿಯನ್ನು ಆಮೇಲೆ. ಎಲ್ಲಿ ತೋಡಿದೆ, ಯಾವ ಹೊತ್ತಿನಲ್ಲಿ, ತೋಡಿದ ಮೇಲೆ ಏನು ಮಾಡಿತು? ಇಷ್ಟು ಗೊತ್ತಾದರೆ ಕಾರಣ ಗೊತ್ತಾಗುತ್ತದೆ. ಕಾರಣ ತಿಳಿಯದೆ ಗುಂಡಿ ಮುಚ್ಚುತ್ತಾ ಹೋದರೆ ಅದು ಪಕ್ಕದಲ್ಲೇ ಇನ್ನೊಂದು ತೋಡುತ್ತದೆ.

ಮಧ್ಯಾಹ್ನ ತೋಡಿ ಅದರಲ್ಲೇ ಹೊಟ್ಟೆ ಒತ್ತಿ ಮಲಗಿದರೆ ಸೆಕೆ ಅಂತ ಅರ್ಥ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಕೆಳಗಿನ ಮಣ್ಣು ತಂಪು, ಹೊಟ್ಟೆಯ ಕಡೆ ಕೂದಲೂ ಕಡಿಮೆ. ನೀರು ಹಾಕುವ ಗಿಡದ ಬುಡವನ್ನೇ ಆರಿಸುವುದು ಇದಕ್ಕೇ. ಬಯ್ಯುವ ಬದಲು ಅದಕ್ಕಿಂತ ಒಳ್ಳೆಯ ಜಾಗ ಮಾಡಿಕೊಡಿ. ತೆಂಗಿನ ಗರಿಯ ಒಂದು ಸಣ್ಣ ಚಪ್ಪರ, ಅದರ ಕೆಳಗೆ ಒದ್ದೆ ಗೋಣಿಚೀಲ, ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರು. ಉರಿ ಬಿಸಿಲಿನ ಹೊತ್ತಿಗೆ ಮನೆಯೊಳಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಗೋಡೆಯ ಉದ್ದಕ್ಕೆ, ಒಂದೇ ಜಾಗದಲ್ಲಿ ಮೂಸಿ ಮೂಸಿ ತೋಡುತ್ತಿದ್ದರೆ ಹೆಗ್ಗಣ ಇದೆಯಾ ನೋಡಿ. ಗುಲಾಬಿಗೆ ಗೊಬ್ಬರ ಏನು ಹಾಕಿದ್ದೀರಿ?

ಬೈದರೂ ಉಪಯೋಗ ಆಗುತ್ತಿಲ್ಲ ಅಂದಿರಲ್ಲ. ತೋಡಿ ಎಷ್ಟೋ ಹೊತ್ತಾದ ಮೇಲೆ ಬೈದರೆ ಯಾತಕ್ಕೆ ಅಂತ ಅದಕ್ಕೆ ತಿಳಿಯುವುದಿಲ್ಲ. ಕಿವಿ ಮಡಚುವುದು ನಿಮ್ಮ ದನಿಗೆ ಹೆದರಿ. ತೋಡುತ್ತಿರುವಾಗಲೇ ಹೆಸರು ಹಿಡಿದು ಕರೆಯಿರಿ. ಬಂದರೆ ಒಂದು ತುಂಡು ಚಪಾತಿ ಕೊಡಿ.

ಕಟ್ಟುವ ವಿಷಯಕ್ಕೆ ಬಂದರೆ, ನಿಮ್ಮ ಮನಸ್ಸು ಸರಿಯಾಗಿಯೇ ಇದೆ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಕಟ್ಟಿದ ನಾಯಿಯನ್ನು ಓಡಾಡಿಸದೇ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತಪ್ಪು. ಮನೆಯವರಿಗೆ ಇದನ್ನೂ ಹೇಳಿ.

ಧಾರವಾಡದ ಹಿತ್ತಲು

ತುಂಬಾ ಥ್ಯಾಂಕ್ಸ್ ರೀ. ನೀವು ಹೇಳಿದ ಹಾಗೆ ಕೂತು ನೋಡಿದೆ. ಮಲ್ಲಿಗೆ ಬುಡದಲ್ಲಿ ತೋಡುವುದು ಊಟ ಆದ ಮೇಲೆ, ಮಲಗುವುದೂ ಅಲ್ಲೇ. ಗೋಡೆ ಹತ್ತಿರ ಮಾತ್ರ ಕತ್ತಲಾದ ಮೇಲೆ. ಅಲ್ಲಿ ಒಂದು ದೊಡ್ಡ ಬಿಲ ಇದೆ, ಬಾಯಿಗೆ ಹೊಸ ಮಣ್ಣು ಗುಡ್ಡೆ ಬಿದ್ದಿದೆ. ಹೆಗ್ಗಣವೇ. ಪಾಷಾಣ ಇಡೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಗುಲಾಬಿಗೆ ಹಾಕಿದ್ದು ಎಲುಬಿನ ಪುಡಿ. ಅದರ ಜೊತೆ ತಂದ ಔಡಲ ಹಿಂಡಿ ಇನ್ನೂ ಚೀಲದಲ್ಲೇ ಇದೆ.

ತಿಪಟೂರು ತೋಟ

ಅಕ್ಕ, ಆ ಚೀಲ ಬಿಚ್ಚಬೇಡಿ. ಔಡಲ ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿದಿರಬಹುದು, ಅದಕ್ಕೆ ಪ್ರತಿವಿಷ ಇಲ್ಲ. ಎಲುಬಿನ ಪುಡಿಯ ವಾಸನೆಗೆ ನಾಯಿ ಬರುತ್ತದೆ, ಜೊತೆಗಿರುವ ಹಿಂಡಿಯನ್ನೂ ತಿನ್ನುತ್ತದೆ. ವಾಂತಿ, ರಕ್ತಭೇದಿ ಕೆಲವು ಗಂಟೆಗಳ ನಂತರವೂ ಶುರುವಾಗಬಹುದು. ತಿಂದಿದೆ ಅಂತ ಅನುಮಾನ ಬಂದರೆ ಸಾಕು, ಲಕ್ಷಣಕ್ಕೆ ಕಾಯದೆ ಡಾಕ್ಟರ ಹತ್ತಿರ ಓಡಬೇಕು. ಗಿಡಕ್ಕೆ ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು.

ಪಾಷಾಣವೂ ಬೇಡ. ಅದನ್ನು ನಾಯಿಯೇ ತಿನ್ನಬಹುದು, ಇಲ್ಲ ವಿಷ ತಿಂದ ಹೆಗ್ಗಣವನ್ನು ಹಿಡಿದು ತಿನ್ನಬಹುದು. ಬೋನು ಇಡಿ. ಮುಸುರೆ, ಚೆಲ್ಲಿದ ಅನ್ನ ಹಿತ್ತಲಲ್ಲಿ ಉಳಿಯಬಾರದು. ಬಿಲಕ್ಕೆ ಕೈ ಹಾಕಬೇಡಿ, ಹೆಗ್ಗಣದ ಬಿಲದಲ್ಲಿ ನಾಗರಹಾವು ಸೇರಿಕೊಳ್ಳುವುದುಂಟು. ಬಿಲ ಖಾಲಿ ಅಂತ ಖಾತ್ರಿ ಆದಮೇಲೆ ಜಲ್ಲಿ ತುಂಬಿ ಮುಚ್ಚಿ, ಗೋಡೆ ಬುಡಕ್ಕೆ ಕೋಳಿಗೂಡಿನ ತಂತಿ ಬಲೆ ಹೂಳಿ. ತುದಿ ಮಡಚಿರಬೇಕು, ಇಲ್ಲದಿದ್ದರೆ ಕಾಲಿಗೆ ಚುಚ್ಚುತ್ತದೆ. ಕೆಂಚನಿಗೆ ಇಲಿ ಜ್ವರದ ಲಸಿಕೆ ಆಗಿದೆಯಾ ಅಂತಲೂ ಪಶುವೈದ್ಯರನ್ನು ಕೇಳಿ. ಹೆಗ್ಗಣದ ಉಚ್ಚೆಯಿಂದ ಆ ರೋಗ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ.

ಉಡುಪಿ ಅಂಗಳ

ನಮ್ಮದು ಡ್ಯಾಶ್‌ಹುಂಡ್. ಬಿಲದೊಳಗೆ ನುಗ್ಗಿ ಬೇಟೆಯಾಡಲೆಂದೇ ಜರ್ಮನಿಯಲ್ಲಿ ಬೆಳೆಸಿದ ತಳಿ. ಅದಕ್ಕೆ ತೋಡಬೇಡ ಅನ್ನುವುದು ಮೀನಿಗೆ ಈಜಬೇಡ ಅಂದಹಾಗೆ. ಹಾಗಾಗಿ ಅಂಗಳದ ಒಂದು ಮೂಲೆ ಅವಳಿಗೇ ಬಿಟ್ಟಿದ್ದೇವೆ. ನಾಲ್ಕು ಕಡೆ ಕಲ್ಲು ಜೋಡಿಸಿ ಒಳಗೆ ಮರಳು ಮಣ್ಣು ಹಾಕಿ, ಒಣ ಮೀನಿನ ತಲೆಯನ್ನು ಕಡಿಮೆ ಆಳದಲ್ಲಿ ಹುಗಿದೆವು. ಒಂದು ಸಲ ರುಚಿ ಸಿಕ್ಕ ಮೇಲೆ ಅವಳಿಗೆ ಬೇರೆ ಜಾಗ ಬೇಡವಾಯಿತು. ಉಳಿದ ಗಿಡಗಳ ಬುಡಕ್ಕೆ ಕಾಲಲ್ಲಿ ಸರಿಸಲಾಗದಷ್ಟು ದೊಡ್ಡ ಕಲ್ಲು ಇಟ್ಟಿದ್ದೇವೆ.

ಇನ್ನೊಂದು ಮಾತು. ಬೆಳಿಗ್ಗೆ ಚೆನ್ನಾಗಿ ನಡೆಸಿ, ಅಲ್ಲಲ್ಲಿ ನಿಂತು ಮೂಸಲು ಬಿಡಿ. ಎಳೆದುಕೊಂಡು ಸುಮ್ನೆ ಸುತ್ತು ಹೊಡೆಸಿದರೆ ಏನೂ ಆಗುವುದಿಲ್ಲ. ಬೇಜಾರಿಗೆ ತೋಡುವ ನಾಯಿಗಳೇ ಜಾಸ್ತಿ.

ಧಾರವಾಡದ ಹಿತ್ತಲು

ಹಿಂಡಿ ಚೀಲ ಮನೆಯಿಂದ ಆಚೆ ಹೋಯಿತು. ಬೋನಿಗೆ ಒಂದು ಹೆಗ್ಗಣ ಬಿದ್ದಿದೆ, ಇನ್ನೂ ಇರಬಹುದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಪ್ಪರ ಹಾಕಿದ್ದೇವೆ, ಕೆಂಚ ಅಲ್ಲೇ ಮಲಗುತ್ತಾನೆ. ಮಲ್ಲಿಗೆಗೆ ಕಲ್ಲು ಜೋಡಿಸಿದೆ, ಚಿಗುರು ಬರುತ್ತಿದೆ. ಅತ್ತೆಗೂ ಸಮಾಧಾನ. ಅರಿಶಿನದ ಮಡಿಗೆ ಮಾತ್ರ ಇನ್ನೂ ಹೋಗುತ್ತಾನೆ. ಅಲ್ಲಿ ಕಲ್ಲು ಇಟ್ಟರೆ ಗಡ್ಡೆ ಬೆಳೆಯುವುದು ಹೇಗೆ?

ತಿಪಟೂರು ತೋಟ

ಅಲ್ಲಿ ಕಲ್ಲು ಬೇಡ ಅಕ್ಕ. ಮಡಿಯ ಸುತ್ತ ಬಿದಿರಿನ ದಬ್ಬೆ ನೆಟ್ಟು ಮೊಣಕಾಲೆತ್ತರದ ಬೇಲಿ ಕಟ್ಟಿ. ಮೇಲೆ ಒಣ ತೆಂಗಿನ ಗರಿ ದಪ್ಪಗೆ ಹಾಸಿ. ಮಣ್ಣು ಕಾಣದಿದ್ದರೆ ತೋಡಲು ಅಷ್ಟು ಆಸೆ ಆಗುವುದಿಲ್ಲ, ಅರಿಶಿನಕ್ಕೂ ಹೊದಿಕೆ ಒಳ್ಳೆಯದೇ. ಮೊಳಕೆ ಮೇಲೆ ಬರುವಾಗ ಗರಿ ಸ್ವಲ್ಪ ಸಡಿಲ ಮಾಡಿ.