ಅಪ್‌ಡೇಟ್: ನಾಪೋಕ್ಲಿಗೆ ಬರಬೇಕಿದ್ದ ಹುಟ್ಟುಹಬ್ಬದ ಸೀರೆ ಕೊನೆಗೂ ಸಿಕ್ತು

ಹೆಂಡತಿಗೆ ಗೊತ್ತಾಗದ ಹಾಗೆ ತರಿಸಿದ್ದ ರೇಷ್ಮೆ ಸೀರೆ ಕೊರಿಯರ್‌ನವರ ಕುಶಾಲನಗರ ಬ್ರಾಂಚಲ್ಲೇ ಕೂತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಹುಟ್ಟುಹಬ್ಬ ಮುಗಿದು ಎಷ್ಟೋ ದಿನಕ್ಕೆ ಸಿಕ್ತು! ಕಸ್ಟಮರ್ ಕೇರ್‌ಗೆ ದೂರು, ಡೆಲಿವರಿ ದಿನ ಬದಲಿಸೋದು, ಎರಡೂ ದಂಡ. 'ಮನೆಗೆ ಬೀಗ' ಅಂತ ಅದೇ ಮೆಸೇಜು. ಕೆಲಸಕ್ಕೆ ಬಂದಿದ್ದು 'ಬ್ರಾಂಚಲ್ಲೇ ಹೋಲ್ಡ್ ಮಾಡಿಸಿ' ಅನ್ನೋ ಸಲಹೆ, ಅಂದ್ರೆ ಪಾರ್ಸೆಲ್ ಅಲ್ಲೇ ಇಡಿಸಿ ನಾವೇ ಹೋಗಿ ತಗೊಳ್ಳೋದು. ಟ್ರ್ಯಾಕಿಂಗ್ ನಂಬರ್, ಓಟಿಪಿ ಬರೋ ಫೋನು, ಗುರುತಿನ ಚೀಟಿ ಇದ್ದರೆ ಸಾಕು. ಅಲ್ಲಿ ಗೊತ್ತಾಗಿದ್ದು: ನಾಪೋಕ್ಲು ಕಡೆಯ ಪಾರ್ಸೆಲ್ ನಾಲ್ಕಾರು ಸೇರೋ ತನಕ ಗಾಡಿ ಹೊರಡೋದೇ ಇಲ್ಲ. ವಿಳಾಸಕ್ಕೆ 571214 ಪಿನ್ನು, ತೋಟದ ಹೆಸರು ಸಾಲದು. ರಸ್ತೆ ಬದಿಯ ಅಂಗಡಿ ಹೆಸರೂ ಹಾಕಿ.

ಮಳೆಗಾಲ ಬೇರೆ, ಡಬ್ಬ ಮೆತ್ತಗಾಗಿತ್ತು. ಹೀಗಾದ್ರೆ ಪ್ಲಾಸ್ಟಿಕ್ ಕವರ್ ಕೂಡಲೇ ತೆಗೀರಿ, ಸೀರೆಯನ್ನ ನೆರಳಲ್ಲಿ ಫ್ಯಾನಿನ ಗಾಳಿಗೆ ಹರವಿ, ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ತೇವ ಉಳಿದ್ರೆ ಜರಿ ಕಪ್ಪಾಗುತ್ತೆ.