ಎರರ್ 24 ಬರುತ್ತಿದೆ, ಅನುಭವ ಇದ್ದವರು ತಿಳಿಸಿ

ಹೊಸಬ: ಲಿನಕ್ಸ್‌ನಲ್ಲಿ ನನ್ನ ಸಿ ಪ್ರೋಗ್ರಾಂ ಎರಡು ದಿನ ಸರಿಯಾಗಿ ಓಡುತ್ತದೆ. ಮೂರನೆಯ ದಿನ ಫೈಲ್ ತೆರೆಯಲಾಗದೆ ಎರ್ನೋ (ತಪ್ಪಿನ ಸಂಖ್ಯೆ ಇಡುವ ವೇರಿಯಬಲ್) 24 ಕೊಡುತ್ತದೆ, ಅಂದರೆ ‘ತೆರೆದ ಫೈಲುಗಳು ಮಿತಿ ಮೀರಿವೆ’. ಯೂಲಿಮಿಟ್, ಅಂದರೆ ಪ್ರೋಗ್ರಾಂ ಒಮ್ಮೆಗೆ ತೆರೆದಿಡಬಹುದಾದ ಫೈಲುಗಳ ಮಿತಿ, 1024 ಇದೆ. ಅದನ್ನು ಹೆಚ್ಚಿಸಿದರೆ ಸಾಕೇ?

ರಾತ್ರಿಪಾಳಿ: ನನ್ನನ್ನು ಹಣ್ಣು ಮಾಡಿದ್ದು 28. ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದಿತು. ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಅರ್ಧಕ್ಕರ್ಧ ಖಾಲಿ. ಆದರೂ ಹೊಸ ಡಿಸ್ಕ್ ತರಿಸಿದೆ: ಡಿಸ್ಕ್‌ಗೆ 11,400 ರೂಪಾಯಿ, ಕೂರಿಸಲು ಬಂದವನಿಗೆ 900, ಒಂದು ಭಾನುವಾರ ಹಾಳು. ಕೊನೆಗೆ ನೋಡಿದರೆ ಮುಗಿದಿದ್ದದ್ದು ಐನೋಡ್, ಅಂದರೆ ಪ್ರತಿ ಫೈಲಿಗೂ ಒಂದೊಂದು ಬೇಕಾದ ದಾಖಲೆ! ಯಾರೂ ಅಳಿಸದ ಸೆಷನ್ ಫೈಲುಗಳು ಲಕ್ಷಗಟ್ಟಲೆ ಬಿದ್ದಿದ್ದವು. ‘ಡಿಎಫ್ -ಐ’ ಹೊಡೆದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಬಿಲ್ಲು ಇನ್ನೂ ಇಟ್ಟುಕೊಂಡಿದ್ದೇನೆ.

ಹಳೆಯ ಯುನಿಕ್ಸಿಗ: ಎರ್ನೋವನ್ನು ಮೊದಲು ಬೇರೆ ಕಡೆ ಎತ್ತಿಟ್ಟುಕೊಳ್ಳಿ, ಲಾಗ್ ಆಮೇಲೆ. ನಾನು ನಡುವೆ ಒಂದು ಪ್ರಿಂಟ್‌ಎಫ್ ಹಾಕಿದ್ದೆ. ಔಟ್‌ಪುಟ್ ಫೈಲಿಗೆ ಹೋಗುತ್ತಿತ್ತು. ಆ ಕಾಲದ ಲೈಬ್ರರಿ ‘ಇದು ಟರ್ಮಿನಲ್ಲೇ?’ ಎಂದು ಒಳಗೊಳಗೇ ಪರೀಕ್ಷಿಸಿ ಎರ್ನೋಗೆ 25 (‘ಇದು ಟರ್ಮಿನಲ್ ಅಲ್ಲ’) ತುಂಬಿಬಿಟ್ಟಿತು. ನಾಲ್ಕು ದಿನ ಇಲ್ಲದ ಟರ್ಮಿನಲ್ ಹುಡುಕಿದೆ. ಈಗಿನವರಿಗೆ ಇದು ಕಥೆ.

ಸಾಕೆಟ್ ಸಂಕಟ: ನಾನು 4 (ಸಿಗ್ನಲ್ ಬಂದು ಕರೆ ನಡುವೆ ನಿಂತಿತು) ಬಂದರೆ ಕಣ್ಣು ಮುಚ್ಚಿ ಮತ್ತೆ ಕರೆಯುತ್ತೇನೆ. ಆರು ವರ್ಷದಿಂದ ತೊಂದರೆಯಿಲ್ಲ.

ಹಳೆಯ ಯುನಿಕ್ಸಿಗ: ರೀಡ್‌ಗೆ ಸರಿ. ಕ್ಲೋಸ್‌ಗೂ ಹಾಗೆಯೇ ಮಾಡುತ್ತೀರಾ? ಲಿನಕ್ಸ್‌ನಲ್ಲಿ ಕ್ಲೋಸ್ 4 ಎಂದರೂ ಫೈಲ್ ಮುಚ್ಚಿಹೋಗಿರುತ್ತದೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್‌ಗೆ ಆ ತೆರೆದ ಫೈಲಿನ ಗುರುತುಸಂಖ್ಯೆಯೇ ಸಿಕ್ಕಿದ್ದರೆ ಅವರ ಫೈಲನ್ನು ನೀವು ಮುಚ್ಚುತ್ತೀರಿ.

ಸಾಕೆಟ್ ಸಂಕಟ: ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನಲ್ಲಿ ತೆರೆದೇ ಇರುತ್ತದೆ, ಮತ್ತೆ ಮುಚ್ಚಲೇಬೇಕು. ಅಲ್ಲಿ ಕಲಿತವನು ನಾನು. ಪಾಠ ಬೇಡ.

ಹಳೆಯ ಯುನಿಕ್ಸಿಗ: ಪ್ರಶ್ನೆ ಕೇಳಿದವರದು ಲಿನಕ್ಸ್, ಸ್ವಾಮಿ!

ಮ್ಯಾಕ್‌ವಾಸಿ: ಮೊದಲು ಈ ಅಂಕಿಯ ಭಾಷೆ ಬಿಡಿ. ಲಿನಕ್ಸ್‌ನಲ್ಲಿ 11 ಎಂದರೆ ‘ಮತ್ತೆ ಪ್ರಯತ್ನಿಸು’, 35 ಎಂದರೆ ಡೆಡ್‌ಲಾಕ್ (ಒಬ್ಬರಿಗಾಗಿ ಒಬ್ಬರು ಕಾದು ಎಲ್ಲ ನಿಲ್ಲುವುದು). ಮ್ಯಾಕ್‌ನಲ್ಲಿ ಸರಿಯಾಗಿ ತಿರುಗುಮುರುಗು. ನಮ್ಮ ತಂಡದ ಮಹಾಶಯರೊಬ್ಬರು ಕೋಡ್‌ನಲ್ಲಿ ಹೆಸರಿನ ಬದಲು 11 ಎಂದೇ ಬರೆದಿದ್ದರು. ನನ್ನ ಯಂತ್ರದಲ್ಲಿ ಮಾತ್ರ ಸಂಪರ್ಕ ಕಡಿಯುತ್ತಿತ್ತು, ಬೈಗುಳ ನನಗೆ.

ರಾತ್ರಿಪಾಳಿ: ಸರ್ವರ್ ಲಿನಕ್ಸ್ ಆಗಿರುವಾಗ ಮ್ಯಾಕ್‌ನಲ್ಲಿ ಬರೆಯಿರಿ ಎಂದವರು ಯಾರು?

ಮ್ಯಾಕ್‌ವಾಸಿ: ಅರ್ಧ ಖಾಲಿ ಇರುವ ಡಿಸ್ಕ್‌ಗೆ ಜೋಡಿ ಕೊಂಡವರು ಇದನ್ನು ಕೇಳಬಾರದು.

ಹೊಸಬ: ಸಿಕ್ಕಿತು. ಸಾಲು ಓದುವಾಗ ತಪ್ಪಾದರೆ ನಡುವೆಯೇ ರಿಟರ್ನ್ ಆಗುತ್ತಿದ್ದೆ, ಫೈಲ್ ಮುಚ್ಚುವ ಎಫ್‌ಕ್ಲೋಸ್ ಕರೆಯುತ್ತಿರಲಿಲ್ಲ. ಮಿತಿ 1024ರಲ್ಲೇ ಬಿಟ್ಟಿದ್ದೇನೆ.

ಸಾಕೆಟ್ ಸಂಕಟ: ಎಫ್‌ಕ್ಲೋಸ್ 4 ಕೊಟ್ಟರೆ ಏನು ಮಾಡುತ್ತೀರಿ?