ಸಹಾಯ ಬೇಕು: ‘ಬಾಕ್ಸ್’ ಪದಕ್ಕೆ ಎಷ್ಟು ಕನ್ನಡ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬಾಕ್ಸ್’ ಎಂಬ ಒಂದೇ ಪದ ಮೂರು ದಿನದಿಂದ ಕಾಡುತ್ತಿದೆ. ನಮ್ಮಲ್ಲಿ ಮತ ಬೀಳುವುದು ಪೆಟ್ಟಿಗೆಗೆ, ಮಕ್ಕಳ ಊಟ ಡಬ್ಬಿಗೆ, ಬೆಂಕಿಕಡ್ಡಿ ಪೊಟ್ಟಣಕ್ಕೆ, ಕುಂಕುಮ ಭರಣಿಗೆ. ಸಾಕ್ಷಿ ಹತ್ತುವುದು ಕಟಕಟೆಗೆ. ಅವರಿಗೆ ಎಲ್ಲವೂ ಬಾಕ್ಸ್!

ಇಷ್ಟನ್ನು ಹೇಗೋ ನಿಭಾಯಿಸಿದೆ. ಆದರೆ ಕತೆಯ ಮುದುಕ ತೋಟದಲ್ಲಿ ‘ಬಾಕ್ಸ್’ ಕತ್ತರಿಸುತ್ತಾನೆ. ‘ಪೆಟ್ಟಿಗೆಯನ್ನು ಕತ್ತರಿಸಿದ’ ಎಂದು ಬರೆದು ಮುಂದೆ ಹೋಗಿದ್ದೆ. ಎರಡು ಸಾಲಿನ ನಂತರ ಅವನು ಅದರ ಎಲೆಗಳನ್ನು ಗುಡಿಸತೊಡಗಿದಾಗ ನಾಚಿಕೆಯಾಯಿತು. ಅದು ಬೇಲಿಗೆ ಬೆಳೆಸುವ, ಚಿಕ್ಕ ಎಲೆಯ ನಿತ್ಯಹಸಿರು ಗಿಡ, ಲ್ಯಾಟಿನ್‌ನಲ್ಲಿ ಬುಕ್ಸಸ್. ಅದರ ಗಟ್ಟಿ ಮರದಿಂದ ಮಾಡಿದ ಡಬ್ಬಿಗೂ ಅದೇ ಹೆಸರು ಅಂಟಿಕೊಂಡಿತೆಂದು ನಿಘಂಟುಗಳು ಹೇಳುತ್ತವೆ.

ಇದನ್ನು ‘ಬಾಕ್ಸ್ ಗಿಡ’ ಎಂದೇ ಬಿಡಲೇ, ಬರೀ ‘ಬೇಲಿಗಿಡ’ ಎನ್ನಲೇ? ಇನ್ನೊಂದು: ಅವನ ಹೆಂಡತಿ ಮೊಮ್ಮಗನ ಕಿವಿಗೆ ‘ಬಾಕ್ಸ್’ ಕೊಡುತ್ತಾಳೆ. ‘ಕಪಾಳಕ್ಕೆ ಬಿಗಿದಳು’ ಎಂದರೆ ಅಜ್ಜಿ ತೀರಾ ಕ್ರೂರಿಯಾಗುತ್ತಾಳೆಯೇ?

ಕ್ರಿಸ್‌ಮಸ್ ಮರುದಿನದ ರಜೆಯಾದ, ಡಿಸೆಂಬರ್ 26ರ ಬಾಕ್ಸಿಂಗ್ ಡೇಯನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ. ‘ಗುದ್ದಾಟದ ದಿನ’ ಎನ್ನುವಷ್ಟು ಧೈರ್ಯ ನನಗಿಲ್ಲ. ತೋಟಗಾರಿಕೆ ಬಲ್ಲವರು ಗಿಡದ ಪ್ರಶ್ನೆಗೆ ಉತ್ತರಿಸಿದರೂ ಸಾಕು.